ಚೀನೀ ಡ್ರಾಮಾಗಳ ಜಗಳಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚೀನೀ ಡ್ರಾಮಾ ನೋಡಲು ಶುರು ಮಾಡಿ ಎರಡು ವಾರ ಆಗುವಷ್ಟರಲ್ಲಿ ಕಥೆಗಿಂತ ಅದರ ಸುತ್ತಲಿನ ಜಗಳವೇ ಜಾಸ್ತಿ ರುಚಿಸತೊಡಗುತ್ತದೆ. ಈ ಹೀರೊ ಯಾಕೆ, ಆ ಸೀನ್ ಎಲ್ಲಿ ಹೋಯ್ತು, ಕೊನೆ ಯಾಕೆ ಹೀಗಾಯ್ತು ಅಂತ. ನಾನೂ 2020ರ ಲಾಕ್‌ಡೌನ್‌ನಲ್ಲಿ ಸುಮ್ನೆ ಒಂದು ಕಂತು ನೋಡೋಣ ಅಂತ ಕೂತವಳು, ಇನ್ನೂ ಎದ್ದಿಲ್ಲ. ಪಕ್ಕದಲ್ಲಿ ಅಮ್ಮನೂ ಕೂತಿದ್ದಾರೆ. ಗೆಳತಿಯರು, ನೆಂಟರು ಕೇಳುವ ಪ್ರಶ್ನೆಗಳಿಗೆ ಪ್ರತಿ ಸಲ ಫೋನಿನಲ್ಲಿ ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಚೀನೀ ಹೆಸರುಗಳು ಕನ್ನಡ ಅಕ್ಷರದಲ್ಲಿ ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ಹೊಂದಿಸಿಕೊಳ್ಳಿ.

ಬಾಯಿ ಒಂದು ಹೇಳುತ್ತದೆ, ಮಾತು ಇನ್ನೊಂದು ಕೇಳಿಸುತ್ತದೆ. ನಮ್ಮನೆ ಇಂಟರ್‌ನೆಟ್ ಸರಿಯಿಲ್ವಾ?

ಇಂಟರ್‌ನೆಟ್ ಚೆನ್ನಾಗಿದೆ. ಅದು ಡಬ್ಬಿಂಗ್. ಚೀನೀ ನಟರಿಗೆ ಚೀನೀ ಭಾಷೆಯಲ್ಲೇ ಬೇರೆಯವರು ದನಿ ಕೊಟ್ಟಿರುತ್ತಾರೆ. ರಾಜರ ಕಾಲದ ಕಥೆಗಳಲ್ಲಂತೂ ಇದು ಮಾಮೂಲಿ. ನಮಗೆ ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಇಲ್ಲ. ಮುಂಬೈಯಿಂದ ಬಂದ ನಾಯಕಿಗೆ ಬೆಂಗಳೂರಿನ ಕಲಾವಿದೆ ದನಿ ಕೊಟ್ಟ ಕನ್ನಡ ಸಿನಿಮಾಗಳನ್ನು ಎಷ್ಟು ನೋಡಿಲ್ಲ!

ಅಲ್ಲಿ ಕಾರಣಗಳು ಹಲವು. ಝೆಜಿಯಾಂಗ್ ಪ್ರಾಂತ್ಯದ ಹೆಂಗ್‌ಡಿಯನ್‌ನಲ್ಲಿ ದೊಡ್ಡದೊಂದು ಚಿತ್ರನಗರಿ ಇದೆ. 1996ರಲ್ಲಿ ಶುರುವಾದದ್ದು. ಬೀಜಿಂಗ್‌ನ ಅರಮನೆಯದೇ ಪ್ರತಿರೂಪವನ್ನು ಅಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಒಂದೇ ದಿನ ಅಕ್ಕಪಕ್ಕದಲ್ಲಿ ಹಲವು ತಂಡಗಳ ಶೂಟಿಂಗ್, ನಡುವೆ ಪ್ರವಾಸಿಗರ ಗಲಾಟೆ. ಇಲ್ಲಿ ರಾಣಿ ಅಳುತ್ತಿದ್ದರೆ ಗೋಡೆಯಾಚೆ ಯಾರದೋ ಯುದ್ಧ ನಡೆಯುತ್ತಿರುತ್ತದೆ. ಸೆಟ್‌ನ ದನಿ ಬಳಸುವುದು ಕಷ್ಟ. ಜೊತೆಗೆ ತೈವಾನ್, ಹಾಂಗ್‌ಕಾಂಗ್ ನಟರ ಉಚ್ಚಾರ ಮುಖ್ಯಭೂಮಿಯ ಪ್ರೇಕ್ಷಕರಿಗೆ ಬೇರೆ ಅನ್ನಿಸುತ್ತದೆ.

ಇನ್ನೊಂದು ಕಾರಣವನ್ನು ಅಲ್ಲಿಯ ಅಭಿಮಾನಿಗಳೇ ಹೇಳಿ ನಗುತ್ತಾರೆ. ಕೆಲವು ನಟರು ಮಾತು ಬಾಯಿಪಾಠ ಮಾಡುವುದೇ ಇಲ್ಲವಂತೆ. ಕ್ಯಾಮೆರಾ ಮುಂದೆ ನಿಂತು ಕಣ್ಣಲ್ಲಿ ನೀರು ತುಂಬಿಕೊಂಡು "ಒಂದು, ಎರಡು, ಮೂರು, ನಾಲ್ಕು, ಐದು" ಅನ್ನುತ್ತಾರಂತೆ. ಮಿಕ್ಕಿದ್ದು ಡಬ್ಬಿಂಗ್‌ನವರ ಪಾಡು. ಇಂಥವರಿಗೆ 'ಅಂಕಿ ಮೇಡಂ', 'ಅಂಕಿ ಸಾಹೇಬ' ಅಂತ ಅಡ್ಡಹೆಸರು.

ಹಾಗಂತ ಡಬ್ಬಿಂಗ್ ಅಂದರೆ ಕೆಟ್ಟದ್ದು ಅಂತಲ್ಲ. 2011ರ 'ಎಂಪ್ರೆಸಸ್ ಇನ್ ದ ಪ್ಯಾಲೇಸ್'ನಲ್ಲಿ ನಾಯಕಿ ಝೆನ್ ಹುವಾನ್ ಆಗಿದ್ದವರು ಸುನ್ ಲಿ. ದನಿ ಜಿ ಗುವಾನ್‌ಲಿನ್ ಅವರದ್ದು. ಮೊದಲ ಕಂತುಗಳಲ್ಲಿ ಹುಡುಗಿಯ ದನಿ. ಕೊನೆ ಕೊನೆಗೆ ಅದೇ ದನಿ ತಣ್ಣಗಾಗಿ, ಕೆಳಗಿಳಿದು, ಕೇಳಿದರೆ ಮೈ ಜುಮ್ ಅನ್ನುತ್ತದೆ. ಆ ದನಿ ಇಲ್ಲದೆ ಆ ಪಾತ್ರ ಇಲ್ಲ ಅನ್ನುವವರಲ್ಲಿ ನಾನೂ ಒಬ್ಬಳು.

ಡಬ್ಬಿಂಗ್‌ಗೂ ಸೆನ್ಸಾರ್‌ಗೂ ಸಂಬಂಧ ಇದೆಯಾ?

ಇದೆ. ಅರ್ಧ ಜಗಳ ಹುಟ್ಟುವುದೇ ಅಲ್ಲಿ. ಚಿತ್ರೀಕರಣ ಮುಗಿದ ಮೇಲೆ ಒಂದು ಮಾತು ಬೇಡ ಅನ್ನಿಸಿದರೆ ಮತ್ತೆ ಶೂಟ್ ಮಾಡಬೇಕಿಲ್ಲ, ದನಿ ಬದಲಿಸಿದರೆ ಸಾಕು. ಆದರೆ ತುಟಿ ಬದಲಾಗುವುದಿಲ್ಲವಲ್ಲ!

2021ರ 'ವರ್ಡ್ ಆಫ್ ಆನರ್' ನೋಡುವಾಗ ಅಭಿಮಾನಿಗಳು ಇದನ್ನೇ ಹಿಡಿದುಕೊಂಡರು. ಇಬ್ಬರು ನಾಯಕರು ಒಬ್ಬರಿಗೊಬ್ಬರು ಏನೋ ಹೇಳುತ್ತಾರೆ. ಕೇಳಿಸುವುದು ಸಪ್ಪೆ ಮಾತು, ತುಟಿ ಹೇಳುವುದು ಇನ್ನೇನೋ. ಜನ ವಿಡಿಯೊ ನಿಧಾನ ಮಾಡಿ ಒಂದೊಂದೇ ತುಟಿಯ ಚಲನೆ ನೋಡಿ ಮೂಲ ಸಂಭಾಷಣೆ ಬರೆದಿಟ್ಟರು. ಮರುದಿನ ಕಂತು ಬರುವ ಮುಂಚೆ ಹಿಂದಿನ ಕಂತಿನ 'ತುಟಿ ಪಾಠ' ಸಿದ್ಧ. ನಾನೂ ಅದನ್ನು ಓದಿಕೊಂಡೇ ಎರಡನೇ ಸಲ ನೋಡಿದೆ. ಅದು ಬೇರೆಯೇ ಕಥೆ, ಸ್ವಾಮಿ.

2023ರ ಭಾರಿ ಹಿಟ್ 'ದಿ ನಾಕ್‌ಔಟ್'ನಲ್ಲೂ ಹೀಗಾಯಿತು. ಅದು ಈ ಕಾಲದ ಪೊಲೀಸ್ ಕಥೆ, ಸೆಟ್ ಗಲಾಟೆಯ ನೆಪ ಹೇಳುವಂತಿಲ್ಲ. ಕೊನೆಯ ಕಂತುಗಳಲ್ಲಿ ತುಟಿಯೂ ಮಾತೂ ಹೊಂದದ ಜಾಗಗಳನ್ನು ಪ್ರೇಕ್ಷಕರು ಪಟ್ಟಿ ಮಾಡಿದರು. ನಟನೆ ಸೊರಗಿತು ಅಂತ ಬೈದವರಿಗೆ ಉಳಿದವರು ಕೊಟ್ಟ ಉತ್ತರ ಒಂದೇ: ನಟನನ್ನು ಬೈಯುವ ಮುಂಚೆ ಕತ್ತರಿ ಎಲ್ಲಿ ಬಿದ್ದಿದೆ ನೋಡಿ. ಚೀನೀ ಡ್ರಾಮಾ ವಿಷಯದಲ್ಲಿ ನನ್ನ ನಿಲುವೂ ಅದೇ.

ಅಷ್ಟಕ್ಕೂ ಕತ್ತರಿ ಯಾರ ಕೈಯಲ್ಲಿದೆ?

ರಾಷ್ಟ್ರೀಯ ರೇಡಿಯೊ ಮತ್ತು ಟಿವಿ ಆಡಳಿತ ಅಂತ ಸರ್ಕಾರದ ಒಂದು ಸಂಸ್ಥೆ ಇದೆ. 2018ರಲ್ಲಿ ಈ ರೂಪ ಬಂತು, ಮುಂಚೆ ಬೇರೆ ಹೆಸರಿತ್ತು. ಕಥೆಯ ಸಾರಾಂಶ ಕೊಟ್ಟು ಮೊದಲೇ ನೋಂದಾಯಿಸಬೇಕು. ಪೂರ್ತಿ ಮುಗಿಸಿದ ಮೇಲೆ ಮತ್ತೆ ತೋರಿಸಿ ಪರವಾನಗಿ ಪಡೆಯಬೇಕು. ಬರೀ ಆನ್‌ಲೈನ್‌ನಲ್ಲಿ ಬರುವ ಡ್ರಾಮಾಗಳಿಗೂ 2022ರ ಜೂನ್‌ನಿಂದ ಪರವಾನಗಿ ಕಡ್ಡಾಯ.

ಇಲ್ಲಿ ಮುಖ್ಯವಾದದ್ದು 'ಪೂರ್ತಿ ಮುಗಿಸಿದ ಮೇಲೆ' ಅನ್ನುವುದು. ನಮ್ಮ ಧಾರಾವಾಹಿಗಳು ಇವತ್ತು ಶೂಟ್, ನಾಳಿದ್ದು ಪ್ರಸಾರ. ಟಿಆರ್‌ಪಿ ಬಿದ್ದರೆ ಅತ್ತೆ ಒಳ್ಳೆಯವಳಾಗುತ್ತಾಳೆ. ಅಲ್ಲಿ ಹಾಗಲ್ಲ. ಎಲ್ಲ ಕಂತೂ ಮುಗಿದು, ಹಣವೆಲ್ಲ ಖರ್ಚಾಗಿ, ನಟರು ಬೇರೆ ಕೆಲಸಕ್ಕೆ ಹೋದ ಮೇಲೆ "ಇದು ಬೇಡ" ಅನ್ನುವ ಮಾತು ಬರಬಹುದು. ಆಗ ಉಳಿಯುವುದು ಎರಡೇ ದಾರಿ, ಕತ್ತರಿಸುವುದು ಇಲ್ಲವೇ ದನಿ ಬದಲಿಸುವುದು.

ಅಲ್ಲಿ ವಯಸ್ಸಿನ ಪ್ರಕಾರ ಪ್ರಮಾಣಪತ್ರ ಕೊಡುವ ಪದ್ಧತಿಯೂ ಇಲ್ಲ. ನಮ್ಮಲ್ಲಿ 'ಎ' ಅಂತ ಒಂದು ಅಕ್ಷರ ಹಾಕಿ ಬಿಡುತ್ತಾರೆ. ಅಲ್ಲಿ ಒಂದು ಡ್ರಾಮಾ ಅಜ್ಜಿಗೂ ಮೊಮ್ಮಗನಿಗೂ ಒಟ್ಟಿಗೆ ಸರಿಹೊಂದಬೇಕು.

ಇನ್ನು ಎಲ್ಲ ಕತ್ತರಿಯೂ ಸರ್ಕಾರದ್ದಲ್ಲ. ಆನ್‌ಲೈನ್‌ನಲ್ಲಿ ಡ್ರಾಮಾ ತೋರಿಸುವ ಟೆನ್ಸೆಂಟ್ ವಿಡಿಯೊ, ಐಚೀಯಿ, ಯೂಕು, ಮ್ಯಾಂಗೊ ಟಿವಿಯಂಥ ಕಂಪನಿಗಳು ತೊಂದರೆ ಬರುವ ಮುಂಚೆಯೇ ತಾವೇ ತೆಗೆದುಬಿಡುತ್ತವೆ. ಹೆದರಿದವರ ಕತ್ತರಿ ಯಾವತ್ತೂ ಸ್ವಲ್ಪ ಉದ್ದವೇ.

ಒಂದು ಡ್ರಾಮಾದಲ್ಲಿ ಬರೀ ತಲೆಗಳೇ ಕಾಣಿಸುತ್ತವೆ. ಅದೇನು ಶೈಲಿನಾ?

ನೀವು 'ದಿ ಎಂಪ್ರೆಸ್ ಆಫ್ ಚೈನಾ' ನೋಡುತ್ತಿದ್ದೀರಿ. ಫಾನ್ ಬಿಂಗ್‌ಬಿಂಗ್ ನಟಿಸಿದ, ಟಾಂಗ್ ಕಾಲದ ಮಹಾರಾಣಿ ವು ಕಥೆ. 2014ರ ಡಿಸೆಂಬರ್ ಕೊನೆಯಲ್ಲಿ ಹುನಾನ್ ಟಿವಿಯಲ್ಲಿ ಶುರುವಾಯಿತು. ಒಂದೇ ವಾರದಲ್ಲಿ, 28ನೇ ತಾರೀಖು, 'ತಾಂತ್ರಿಕ ಕಾರಣ' ಅಂತ ನಿಂತಿತು. 2015ರ ಜನವರಿ 1ಕ್ಕೆ ವಾಪಸ್ ಬಂದಾಗ ಅರಮನೆಯ ಹೆಂಗಸರಿಗೆಲ್ಲ ಕುತ್ತಿಗೆಯಿಂದ ಕೆಳಗೆ ಏನೂ ಇರಲಿಲ್ಲ.

ಆ ಕಾಲದ ಉಡುಪಿನಲ್ಲಿ ಎದೆಯ ಮೇಲ್ಭಾಗ ಕಾಣುತ್ತಿತ್ತು. ಅದನ್ನು ಮುಚ್ಚಲು ಚಿತ್ರವನ್ನೇ ದೊಡ್ಡದು ಮಾಡಿ ಮುಖ ಮಾತ್ರ ಉಳಿಸಿಕೊಂಡರು. ಇಬ್ಬರು ರಾಣಿಯರು ಮಾತಾಡಿದರೆ ಎರಡು ದೊಡ್ಡ ಕಿರೀಟಗಳು ಎದುರು ಬದುರು ಅಲ್ಲಾಡುತ್ತವೆ. ಕೈಯಲ್ಲಿ ಪತ್ರ ಇದೆಯೋ ವಿಷ ಇದೆಯೋ ಗೊತ್ತಾಗುವುದಿಲ್ಲ. ನಮ್ಮಮ್ಮ ಹತ್ತು ನಿಮಿಷ ನೋಡಿ, "ಇವರಿಗೆಲ್ಲ ಮೈಯೇ ಇಲ್ವೇನೆ?" ಅಂದರು. ಚೀನಾದ ಪ್ರೇಕ್ಷಕರೂ ರಾಣಿಗೆ 'ದೊಡ್ಡ ತಲೆ ವು' ಅಂತಲೇ ಹೆಸರಿಟ್ಟರು. ಹಣ ಸುರಿದು ಹೊಲಿಸಿದ ಬಟ್ಟೆಗಳೆಲ್ಲ ಚೌಕಟ್ಟಿನಾಚೆ ಉಳಿದವು.

ದೆವ್ವ, ಕಾಲಪ್ರಯಾಣ ಇವೆಲ್ಲ ನಿಷೇಧ ಅಂತಾರೆ. ಆದರೆ ಎಲ್ಲೆಲ್ಲೂ ಅವೇ ಇವೆಯಲ್ಲ?

ಚೀನೀ ಬರಹಗಾರರ ಜಾಣತನ ನೋಡಬೇಕಾದದ್ದು ಇಲ್ಲೇ. 2011ರಲ್ಲಿ ಆಧುನಿಕ ಹುಡುಗಿಯರು ಹಳೇ ಕಾಲಕ್ಕೆ ಜಾರಿಬಿದ್ದು ರಾಜಕುಮಾರರನ್ನು ಪ್ರೀತಿಸುವ ಕಥೆಗಳು ಸಾಲಾಗಿ ಬಂದವು. ಇತಿಹಾಸವನ್ನು ಹಗುರ ಮಾಡುತ್ತಿದ್ದೀರಿ ಅಂತ ಅಧಿಕಾರಿಗಳು ಗದರಿದರು. ಪೂರ್ತಿ ನಿಂತಿತೇ? ಇಲ್ಲ. ವೇಷ ಬದಲಿಸಿತು.

2019ರ 'ಜಾಯ್ ಆಫ್ ಲೈಫ್' ತೆಗೆದುಕೊಳ್ಳಿ. ಮೂಲ ಕಾದಂಬರಿಯಲ್ಲಿ ಈ ಕಾಲದವನೊಬ್ಬ ಸತ್ತು ಇನ್ನೊಂದು ಲೋಕದಲ್ಲಿ ಮಗುವಾಗಿ ಹುಟ್ಟುತ್ತಾನೆ. ಡ್ರಾಮಾದಲ್ಲಿ ಏನು ಮಾಡಿದರು? ಕಾಲೇಜು ಹುಡುಗನೊಬ್ಬ ತನ್ನ ಪ್ರೊಫೆಸರ್‌ಗೆ ಕೊಡಲು ಒಂದು ಕಥೆ ಬರೆಯುತ್ತಾನೆ, ನಾವು ನೋಡುವುದೆಲ್ಲ ಆ ಹುಡುಗ ಬರೆದ ಕಥೆ. ಅಲ್ಲಿಗೆ ಮುಗೀತು, ಯಾರೂ ಎಲ್ಲಿಗೂ ಹೋಗಿಲ್ಲ, ಯಾರೂ ಮರುಹುಟ್ಟು ಪಡೆದಿಲ್ಲ!

ದೆವ್ವಕ್ಕೂ ಹೀಗೇ ದಾರಿ ಇದೆ. ದೇವಲೋಕದಲ್ಲಿ, ಪುರಾಣದ ಕಾಲದಲ್ಲಿ ನರಿ ಹೆಣ್ಣಾಗಬಹುದು. ಇವತ್ತಿನ ಶಾಂಘೈನಲ್ಲಿ ಆಗುವುದು ಕಷ್ಟ. '1949ರ ನಂತರ ಪ್ರಾಣಿಗಳು ಯಕ್ಷಿಣಿ ಆಗುವಂತಿಲ್ಲ' ಅಂತ ಅಲ್ಲಿಯ ಜನರದ್ದೇ ಒಂದು ತಮಾಷೆ ಇದೆ. ಜನ ಗಣರಾಜ್ಯ ಹುಟ್ಟಿದ ವರ್ಷ ಅದು.

'ದಿ ಅನ್‌ಟೇಮ್ಡ್'ನ ಇಬ್ಬರು ಹೀರೊಗಳು ಗೆಳೆಯರೋ, ಪ್ರೇಮಿಗಳೋ?

ಕಾದಂಬರಿಯಲ್ಲಿ ಪ್ರೇಮಿಗಳು. ಡ್ರಾಮಾದಲ್ಲಿ 'ಆತ್ಮಬಂಧು'ಗಳು. ಗಂಡು-ಗಂಡು ಪ್ರೇಮದ ಕಾದಂಬರಿಗಳನ್ನು ಹೀಗೆ ಗೆಳೆತನದ ಕಥೆಯಾಗಿ ಪರದೆಗೆ ತರುವುದಕ್ಕೆ ಚೀನಾದಲ್ಲಿ 'ಡಾನ್‌ಗೈ' ಅನ್ನುತ್ತಾರೆ. 2016ರಲ್ಲಿ 'ಅಡಿಕ್ಟೆಡ್' ಅನ್ನುವ ಆನ್‌ಲೈನ್ ಸರಣಿ ನೇರವಾಗಿಯೇ ತೋರಿಸಲು ಹೋಗಿ, ಕಂತುಗಳು ಮುಗಿಯುವ ಮುಂಚೆಯೇ ಮಾಯವಾಯಿತು. ಆಮೇಲೆ ಬಂದವರು ಪಾಠ ಕಲಿತರು. ಮಾತಿನಲ್ಲಿ ಹೇಳಬೇಡ, ಕಣ್ಣಲ್ಲಿ ಹೇಳು.

2019ರ ಬೇಸಿಗೆಯಲ್ಲಿ 50 ಕಂತುಗಳ 'ದಿ ಅನ್‌ಟೇಮ್ಡ್' ಬಂದು ನಾಯಕ ನಟರಾದ ಶಿಯಾವ್ ಝಾನ್, ವಾಂಗ್ ಯಿಬೊ ಇಬ್ಬರನ್ನೂ ಎಲ್ಲಿಗೋ ಒಯ್ದಿತು. ಮುತ್ತಿಲ್ಲ, ಅಪ್ಪುಗೆ ಇಲ್ಲ. ಒಬ್ಬ ಕೊಳಲು ನುಡಿಸುತ್ತಾನೆ, ಇನ್ನೊಬ್ಬ ತಂತಿವಾದ್ಯ ಮೀಟುತ್ತಾನೆ. ಒಬ್ಬ ಸತ್ತ 16 ವರ್ಷದ ಮೇಲೆ ಮತ್ತೆ ಬಂದು ಅದೇ ರಾಗ ಊದಿದರೆ ಇನ್ನೊಬ್ಬ ಗುರುತು ಹಿಡಿಯುತ್ತಾನೆ. ಇದಕ್ಕಿಂತ ಬಿಡಿಸಿ ಹೇಳಬೇಕಾ? ಕಡಿವಾಣ ಹಾಕಿದ್ದರಿಂದಲೇ ಇದು ಚೆನ್ನಾಯಿತು ಅನ್ನುವ ಒಂದು ಗುಂಪಿದೆ. ನನಗೆ ಆ ವಾದ ಅರ್ಧ ಮಾತ್ರ ಒಪ್ಪಿಗೆ. ಚೆನ್ನಾಗಿ ಮಾಡಿದವರು ಕಡಿವಾಣ ಇಲ್ಲದಿದ್ದರೂ ಚೆನ್ನಾಗಿಯೇ ಮಾಡುತ್ತಿದ್ದರು.

'ವರ್ಡ್ ಆಫ್ ಆನರ್'ನ ಕೊನೆ ಗಮನಿಸಿ. 36ನೇ ಕಂತು ಮುಗಿದಾಗ ಒಬ್ಬ ಹೋದನೇನೋ ಅನ್ನಿಸುತ್ತದೆ. ಆಮೇಲೆ ಬೇರೆಯಾಗಿ ಬಿಟ್ಟ ಒಂದು ಚಿಕ್ಕ ತುಣುಕಿನಲ್ಲಿ ಇಬ್ಬರೂ ಹಿಮದ ಬೆಟ್ಟದ ಮೇಲೆ ಹಾಯಾಗಿದ್ದಾರೆ. ಅದನ್ನು ನೋಡದೆ ವಾರಗಟ್ಟಲೆ ಅತ್ತವರಿದ್ದಾರೆ.

ಡಾನ್‌ಗೈ ಬಾಗಿಲು 2021ರ ಸೆಪ್ಟೆಂಬರ್ ಹೊತ್ತಿಗೆ ಮುಚ್ಚಿತು. ಆ ತಿಂಗಳು ಬಂದ ಸೂಚನೆಯಲ್ಲಿ ಗಂಡಸರ 'ಹೆಣ್ಣಿಗ' ಚೆಲುವನ್ನೂ ತೋರಿಸಬಾರದು ಅಂತ ಇತ್ತು. 2020ರಲ್ಲೇ ಚಿತ್ರೀಕರಣ ಮಾಡಿದ 'ಇಮ್ಮಾರ್ಟಾಲಿಟಿ' ಅನ್ನುವ ಡಾನ್‌ಗೈ ಡ್ರಾಮಾ ಡಬ್ಬದಲ್ಲೇ ಉಳಿಯಿತು. 'ಅದು ಯಾವಾಗ ಬರತ್ತೆ' ಅಂತ ನನ್ನನ್ನು ಕೇಳಬೇಡಿ. ಆ ಪ್ರಶ್ನೆ ಕೇಳುವುದೇ ಈಗ ಅಭಿಮಾನಿಗಳ ಒಂದು ತಮಾಷೆ.

40 ದಾಟಿದ ನಟಿ 15ರ ಹುಡುಗಿ ಆಗಬಹುದಾ?

ಇದು ಝೌ ಶುನ್ ಅವರ ಜಗಳ. 2018ರ 'ರೂಯೀಸ್ ರಾಯಲ್ ಲವ್ ಇನ್ ದ ಪ್ಯಾಲೇಸ್'ನಲ್ಲಿ ಅವರು ಚಿಯಾನ್‌ಲಾಂಗ್ ಚಕ್ರವರ್ತಿಯ ರಾಣಿ. 1974ರಲ್ಲಿ ಹುಟ್ಟಿದವರು. ಕಥೆ ಶುರುವಾಗುವುದು ರಾಣಿಯ ಹದಿವಯಸ್ಸಿನಲ್ಲಿ. ಜೊತೆಗೆ ಡಬ್ಬಿಂಗ್ ಬೇಡ ಅಂತ ಸ್ವಂತ ದನಿ ಬಳಸಿದರು. ಅವರ ದನಿ ಗಡಸು. ಜಡೆ ಹಾಕಿದ ಹುಡುಗಿಯ ಬಾಯಿಂದ ಆ ದನಿ ಬಂದಾಗ ಜನ ನಕ್ಕರು.

ಆದರೆ 87 ಕಂತಿನ ಕಥೆ ಅದು. ರಾಣಿ ಮುದುಡಿ, ಮಾತು ಕಳೆದುಕೊಂಡು, ಕೊನೆಗೆ ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುವ ಹೊತ್ತಿಗೆ ಬೇರೆ ಯಾರನ್ನೂ ಆ ಜಾಗದಲ್ಲಿ ಊಹಿಸಲು ಆಗುವುದಿಲ್ಲ. ಮೊದಲ ನಾಲ್ಕೈದು ಕಂತಿಗೆ ಒಬ್ಬ ಚಿಕ್ಕ ಹುಡುಗಿಯನ್ನು ಹಾಕಿದ್ದರೆ ಜಗಳವೇ ಇರುತ್ತಿರಲಿಲ್ಲ. ಹಾಕಲಿಲ್ಲ. ದೊಡ್ಡ ಹೆಸರಿಗೆ ದುಡ್ಡು ಕೊಟ್ಟ ಮೇಲೆ ಮೊದಲ ಕಂತಿನಲ್ಲೇ ಆ ಮುಖ ಕಾಣಬೇಕಲ್ಲ.

ಅದೇ ವರ್ಷ, ಅದೇ ಚಕ್ರವರ್ತಿಯ ಮೇಲೆ 'ಸ್ಟೋರಿ ಆಫ್ ಯಾನ್‌ಶಿ ಪ್ಯಾಲೇಸ್' ಮೊದಲು ಬಂದುಬಿಟ್ಟಿತು. ಚುರುಕು ನಾಯಕಿ, ಹೊಡೆದರೆ ತಿರುಗಿ ಹೊಡೆಯುತ್ತಾಳೆ. ಜನ ಅವಳ ಹಿಂದೆ ಹೋದರು. 'ರೂಯೀ'ಯಲ್ಲಿ ಒಳ್ಳೆಯವಳಾದ ರಾಣಿ 'ಯಾನ್‌ಶಿ'ಯಲ್ಲಿ ಕೆಟ್ಟವಳು. ಎರಡೂ ಗುಂಪಿನ ಜಗಳ ಇನ್ನೂ ಆರಿಲ್ಲ. 2019ರ ಜನವರಿಯಲ್ಲಿ ಬೀಜಿಂಗ್‌ನ ಸರ್ಕಾರಿ ಪತ್ರಿಕೆಯೊಂದು ಅರಮನೆ ಕಥೆಗಳು ಐಷಾರಾಮ, ಒಳಸಂಚು ಕಲಿಸುತ್ತವೆ ಅಂತ ಬರೆದ ಮೇಲೆ ಟಿವಿ ಚಾನೆಲ್‌ಗಳಿಂದ ಎರಡೂ ಒಟ್ಟಿಗೇ ಹೊರಗೆ ಬಿದ್ದವು. ಅಷ್ಟರ ಮಟ್ಟಿಗೆ ಇಬ್ಬರಿಗೂ ಸಮಪಾಲು.

ಯಾವ ಡ್ರಾಮಾ ನೋಡಿದರೂ ಅದೇ ಏಳೆಂಟು ಮುಖ ಯಾಕೆ?

'ಲಿಯುಲಿಯಾಂಗ್' ಅನ್ನುವ ಪದ ಕಲಿತುಕೊಳ್ಳಿ. ಅಕ್ಷರಶಃ ಹರಿವು, ಅಂದರೆ ಆನ್‌ಲೈನ್ ಜನಸಂದಣಿ. ಯಾರ ಹಿಂದೆ ಅಭಿಮಾನಿಗಳ ಸೈನ್ಯ ಇದೆಯೋ ಅವರು ಇದ್ದರೆ ಕಂಪನಿಗೆ ಜಾಹೀರಾತು, ಚಂದಾದಾರರು ಗ್ಯಾರಂಟಿ. ಪಾತ್ರಕ್ಕೆ ಹೊಂದುತ್ತಾರಾ ಅನ್ನುವುದು ಆಮೇಲಿನ ಮಾತು.

ಅಂಥವರ ಸಂಭಾವನೆ ಎಷ್ಟಾಗಿತ್ತು ಅಂದರೆ, 2017ರಲ್ಲಿ ಉದ್ಯಮದ ಸಂಘಗಳೇ ಮಿತಿ ಹಾಕಿದವು. ಎಲ್ಲ ನಟರದ್ದೂ ಸೇರಿ ಒಟ್ಟು ಖರ್ಚಿನ 40% ಮೀರಬಾರದು. ಅದರಲ್ಲಿ ಮುಖ್ಯ ನಟರದ್ದು 70% ಮೀರಬಾರದು. ಆದರೂ 2018ರಲ್ಲಿ ತೆರಿಗೆ ಪ್ರಕರಣದಲ್ಲಿ ಫಾನ್ ಬಿಂಗ್‌ಬಿಂಗ್ ಬಾಕಿ, ದಂಡ ಸೇರಿ 88 ಕೋಟಿ ಯುವಾನ್‌ಗೂ ಹೆಚ್ಚು ಕಟ್ಟಬೇಕಾಯಿತು.

2021ರಲ್ಲಿ ನಟಿ ಝೆಂಗ್ ಶುವಾಂಗ್ ಪ್ರಕರಣ. ಒಂದು ಡ್ರಾಮಾಕ್ಕೆ 77 ದಿನದ ಕೆಲಸ, 16 ಕೋಟಿ ಯುವಾನ್ ಒಪ್ಪಂದ ಅನ್ನುವ ಸುದ್ದಿ ಹೊರಬಂತು. ಜನ ಭಾಗಿಸಿ ನೋಡಿದರು. ದಿನಕ್ಕೆ ಸುಮಾರು 20.8 ಲಕ್ಷ ಯುವಾನ್, ನಮ್ಮ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿಗೂ ಮೇಲೆ. ತಕ್ಷಣ ಅದು ಒಂದು ಅಳತೆಯಾಯಿತು: '1 ಶುವಾಂಗ್'. ತಿಂಗಳ ಸಂಬಳದವರು ತಾವು ಒಂದು ಶುವಾಂಗ್ ದುಡಿಯಲು ಎಷ್ಟು ವರ್ಷ ಬೇಕು ಅಂತ ಲೆಕ್ಕ ಹಾಕಿಕೊಂಡು ಕೂತರು.

ಈ ದುಡ್ಡಿನಲ್ಲಿ ಬರಹಗಾರರಿಗೆ, ಗ್ರಾಫಿಕ್ಸ್‌ನವರಿಗೆ ಎಷ್ಟು ಉಳಿಯುತ್ತದೆ? ಡ್ರ್ಯಾಗನ್ ಯಾಕೆ ಪ್ಲಾಸ್ಟಿಕ್ ಹಾವಿನ ಹಾಗೆ ಕಾಣುತ್ತದೆ ಅನ್ನುವ ಪ್ರಶ್ನೆಗೂ ಇದೇ ಉತ್ತರ. ಅಂಥ ಗ್ರಾಫಿಕ್ಸ್‌ಗೆ ಅಲ್ಲಿಯವರು 'ಐವತ್ತು ಪೈಸೆಯದ್ದು' ಅನ್ನುವ ಅರ್ಥದ ಹೆಸರಿಟ್ಟಿದ್ದಾರೆ.

ಒಳ್ಳೆಯ ಆಯ್ಕೆಗೆ ಒಂದು ಉದಾಹರಣೆ ಕೊಡಿ.

2015ರ 'ನಿರ್ವಾಣ ಇನ್ ಫೈರ್'. ಕಥಾನಾಯಕ ಯುದ್ಧದಲ್ಲಿ ಸುಟ್ಟು, ಮುಖವೇ ಬದಲಾಗಿ, 12 ವರ್ಷದ ಮೇಲೆ ಯಾರಿಗೂ ಗುರುತು ಸಿಗದ ಹಾಗೆ ರಾಜಧಾನಿಗೆ ಮರಳುತ್ತಾನೆ. ಆ ಪಾತ್ರ ಮಾಡಿದ ಹು ಗ 2006ರಲ್ಲಿ ಕಾರು ಅಪಘಾತದಲ್ಲಿ ಮುಖಕ್ಕೆ ಪೆಟ್ಟು ಬಿದ್ದು ಒಂದು ವರ್ಷ ಪರದೆಯಿಂದ ದೂರ ಇದ್ದವರು. ಕನ್ನಡಿ ನೋಡುವ ಒಂದು ಸಣ್ಣ ನೋಟವೂ ಅಲ್ಲಿ ಭಾರ ಅನ್ನಿಸುತ್ತದೆ. ಇಲ್ಲಿ ಮಾತ್ರ ಯಾರೂ ಜಗಳ ಆಡುವುದಿಲ್ಲ.

'ದಿ ನಾಕ್‌ಔಟ್'ನ ಮೀನು ಮಾರುವವ ಕೂಡ. ಝಾಂಗ್ ಸಾಂಗ್‌ವೆನ್ ಅವರಿಗೆ ಆಗ 46. ವರ್ಷಗಟ್ಟಲೆ ಚಿಕ್ಕ ಪಾತ್ರ ಮಾಡಿದವರು. ಲಿಯುಲಿಯಾಂಗ್ ಇಲ್ಲದೆಯೂ ದೇಶವೇ ನೋಡುತ್ತದೆ ಅನ್ನುವುದು ಗೊತ್ತಾಯಿತು.

ಪೋಸ್ಟರ್‌ನಲ್ಲಿ ಯಾರ ಹೆಸರು ಮೊದಲು ಅನ್ನುವುದಕ್ಕೂ ಹೊಡೆದಾಟವಾ?

ಹೌದು. ಇಬ್ಬರದ್ದೂ ಒಂದೇ ಸಾಲಿನಲ್ಲಿ ಬಂದರೆ ಎಡಗಡೆ ಯಾರು ಅಂತ ಜಗಳ. ಎಡಬಲ ಮಾಡಿದರೆ ಮೇಲೆ ಕೆಳಗೆ ಅಂತ. ನಮ್ಮಲ್ಲಿ ಮದುವೆ ಕಾಗದದಲ್ಲಿ ದೊಡ್ಡಪ್ಪನ ಹೆಸರು ಕೆಳಗೆ ಹೋದರೆ ಆಗುವ ರಾದ್ಧಾಂತ ನೋಡಿಲ್ವಾ? ಅಷ್ಟೇ.

ಅಭಿಮಾನಿಗಳೇ ಸೆನ್ಸಾರ್ ಮಾಡಿಸುತ್ತಾರೆ ಅನ್ನುವುದು ನಿಜವೇ?

ಬೇಸರದ ವಿಷಯ, ನಿಜ. 2020ರ ಫೆಬ್ರವರಿ ಕೊನೆಯಲ್ಲಿ ಯಾರೋ ಶಿಯಾವ್ ಝಾನ್ ಅವರನ್ನು ಪಾತ್ರ ಮಾಡಿಕೊಂಡು ಒಂದು ಅಭಿಮಾನಿ ಕಥೆ ಬರೆದರು. ಅದು ಅವರ ಅಭಿಮಾನಿಗಳಲ್ಲಿ ಒಂದು ಗುಂಪಿಗೆ ಅವಮಾನ ಅನ್ನಿಸಿತು. ಸುಮ್ನೆ ಬೈದು ಬಿಡಬಹುದಿತ್ತು. ಸರ್ಕಾರಕ್ಕೆ ಸಾಮೂಹಿಕ ದೂರು ಕೊಟ್ಟರು. ಕೆಲವೇ ದಿನಗಳಲ್ಲಿ, ಆ ಕಥೆ ಇದ್ದ 'ಆರ್ಕೈವ್ ಆಫ್ ಅವರ್ ಓನ್' ಅನ್ನುವ ದೊಡ್ಡ ತಾಣವೇ ಚೀನಾದಲ್ಲಿ ತೆರೆಯದಂತಾಯಿತು. ಲಕ್ಷಗಟ್ಟಲೆ ಬೇರೆ ಕಥೆಗಳೂ ಅದರ ಜೊತೆಗೆ ಹೋದವು. ಬರೆಯುವವರು ರೊಚ್ಚಿಗೆದ್ದು ಆ ನಟ ಜಾಹೀರಾತು ಕೊಡುವ ಸಾಮಾನುಗಳನ್ನೆಲ್ಲ ಬಿಟ್ಟರು. ಏನೂ ಮಾಡದ ನಟ ಕ್ಷಮೆ ಕೇಳಬೇಕಾಯಿತು.

ಅಲ್ಲಿಂದ ದೂರು ಕೊಡುವುದೇ ಜಗಳದ ಆಯುಧವಾಯಿತು. ನಿನ್ನ ಹೀರೊ ಡ್ರಾಮಾದಲ್ಲಿ ಇಂಥ ತಪ್ಪಿದೆ ಅಂತ ಇವರು, ನಿನ್ನವನದ್ದರಲ್ಲಿ ಅಂಥದ್ದು ಇದೆ ಅಂತ ಅವರು. ಕತ್ತರಿ ಹಿಡಿದವರನ್ನು ಬೈಯುವ ನಾವೇ ಅದನ್ನು ಸಾಣೆಗೆ ಕೊಟ್ಟು ಬರುತ್ತೇವೆ. 2021ರ ಆಗಸ್ಟ್‌ನಲ್ಲಿ ಅಭಿಮಾನಿ ಗುಂಪುಗಳ ಮೇಲೇ ನಿಯಮ ಬಂದು, ತಾರೆಯರ ರ‍್ಯಾಂಕಿಂಗ್ ಪಟ್ಟಿಗಳನ್ನೆಲ್ಲ ತೆಗೆಸಿದರು.

ನಟ ತಪ್ಪು ಮಾಡಿದರೆ ಇಡೀ ಡ್ರಾಮಾ ಯಾಕೆ ಹೋಗಬೇಕು?

ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. ಆದರೆ ಹೋಗುತ್ತದೆ. ಕ್ರಿಸ್ ವು 2021ರಲ್ಲಿ ಬಂಧನಕ್ಕೊಳಗಾಗಿ, 2022ರ ನವೆಂಬರ್‌ನಲ್ಲಿ ಅತ್ಯಾಚಾರ ಪ್ರಕರಣದಲ್ಲಿ 13 ವರ್ಷ ಶಿಕ್ಷೆಗೆ ಗುರಿಯಾದರು. ಅವರ ಜೊತೆ ಯಾಂಗ್ ಝಿ ನಟಿಸಿ ಮುಗಿಸಿದ್ದ 'ದಿ ಗೋಲ್ಡನ್ ಹೇರ್‌ಪಿನ್' ಅಲ್ಲೇ ನಿಂತಿತು. ನೂರಾರು ಜನರ ತಿಂಗಳುಗಟ್ಟಲೆಯ ಕೆಲಸ.

'ವರ್ಡ್ ಆಫ್ ಆನರ್'ನ ಇಬ್ಬರು ನಾಯಕರಲ್ಲಿ ಒಬ್ಬರಾದ ಝಾಂಗ್ ಝೆಹಾನ್ ವಿಷಯ ಬೇರೆ. ಆ ಡ್ರಾಮಾ ಬಂದು ಆರು ತಿಂಗಳಾಗಿತ್ತು. 2021ರ ಆಗಸ್ಟ್‌ನಲ್ಲಿ ಟೋಕಿಯೊದ ಯಾಸುಕುನಿ ದೇಗುಲದಲ್ಲಿ ತೆಗೆಸಿಕೊಂಡ ಹಳೇ ಫೋಟೊಗಳು ಹೊರಬಂದವು. ಎರಡನೇ ಮಹಾಯುದ್ಧದ ಜಪಾನೀ ಯುದ್ಧಾಪರಾಧಿಗಳನ್ನೂ ಅಲ್ಲಿ ಸ್ಮರಿಸುತ್ತಾರೆ, ಚೀನಾದಲ್ಲಿ ಅದು ಮಾಯದ ಗಾಯ. ಅವರು ಕ್ಷಮೆ ಕೇಳಿದರೂ ಕೆಲಸ ಹೋಯಿತು, ಡ್ರಾಮಾ ಚೀನಾದ ತಾಣಗಳಿಂದ ಹೋಯಿತು. ಅದೇ ತಿಂಗಳು ನಟಿ ಝಾವೊ ವೇ ಹೆಸರನ್ನು ಹಳೆಯ ಡ್ರಾಮಾಗಳ ಪಟ್ಟಿಯಿಂದಲೂ ಅಳಿಸಿದರು. ಕಾರಣ ಯಾರೂ ಹೇಳಲಿಲ್ಲ.

ಇಷ್ಟು ಉದ್ದ ಯಾಕೆ? ಕೊನೆ ಯಾಕೆ ಕೆಡುತ್ತದೆ?

ಟಿವಿ ಚಾನೆಲ್‌ಗಳು ಕಂತಿನ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದವು. ಸಹಜವಾಗಿ ಕಂತು ಬೆಳೆಯಿತು. ತೂಕ ಬರಲೆಂದು ಮಾಂಸಕ್ಕೆ ನೀರು ಚುಚ್ಚುವುದಕ್ಕೆ ಅಲ್ಲಿ 'ಝುಶುಯಿ' ಅಂತಾರೆ, ಎಳೆದ ಡ್ರಾಮಾಕ್ಕೂ ಅದೇ ಪದ. ನಮ್ಮಲ್ಲಿ ಹಾಲಿಗೆ ನೀರು ಅಂದ ಹಾಗೆ.

2020ರ ಫೆಬ್ರವರಿಯಲ್ಲಿ 40 ಕಂತು ಮೀರಬೇಡಿ, 30ರೊಳಗೆ ಮುಗಿಸಿದರೆ ಒಳ್ಳೆಯದು ಅಂತ ಸೂಚನೆ ಬಂತು. ಸೆನ್ಸಾರ್ ಸಂಸ್ಥೆಯಿಂದ ಬಂದ ಪ್ರೇಕ್ಷಕರಿಗೆ ಇಷ್ಟವಾದ ಒಂದೇ ನಿಯಮ ಇದು ಅಂತ ತಮಾಷೆ ಮಾಡಬಹುದು. ಆದರೆ 60 ಕಂತಿಗೆ ಬರೆದದ್ದನ್ನು 40ಕ್ಕೆ ಇಳಿಸಿದಾಗ ಕೊನೆಯ ಭಾಗ ಓಡಿತು. ಒಂದೇ ಕಂತಿನಲ್ಲಿ ಯುದ್ಧ, ಮದುವೆ, ಸಾವು. 2025ರ ಆಗಸ್ಟ್‌ನಲ್ಲಿ ಈ ಮಿತಿಯನ್ನು ಸಡಿಲಿಸಿದ್ದಾರೆ. ಮತ್ತೆ ನೀರು ಬರುತ್ತದೋ ಏನೋ.

2017ರ 'ಪ್ರಿನ್ಸೆಸ್ ಏಜೆಂಟ್ಸ್' ಮಾತ್ರ ಕ್ಷಮಿಸಲಾರೆ. ಅಷ್ಟೆಲ್ಲ ನೋಡಿದ ಮೇಲೆ ನಾಯಕ ನಾಯಕಿ ಇಬ್ಬರೂ ಹಿಮದ ಸರೋವರದಲ್ಲಿ ಮುಳುಗುತ್ತಾರೆ. ಶುಭಂ.

ಮುಖಗಳು ಮೇಣದ ಬೊಂಬೆಯ ಹಾಗೆ ಯಾಕಿವೆ?

ಫಿಲ್ಟರ್. ರೋಮರಂಧ್ರವೂ ಕಾಣಬಾರದು ಅಂತ ಉಜ್ಜಿ ಉಜ್ಜಿ ಹುಬ್ಬಿನ ಅಲುಗಾಟವೂ ಅಳಿಸಿಹೋಗುತ್ತದೆ. ಆಮೇಲೆ ಭಾವನೆಯೇ ಇಲ್ಲ ಅಂತ ನಟಿಗೆ ಬೈಗುಳ. ಇಲ್ಲೂ ಕತ್ತರಿಯದೇ ಕೆಲಸ, ಬೇರೆ ರೂಪ.

ಡೌಬಾನ್ ಅಂಕ ನೋಡಿ ಆಯ್ಕೆ ಮಾಡಬಹುದಾ?

ಡೌಬಾನ್ ಚೀನಾದ ಪ್ರೇಕ್ಷಕರು 10ಕ್ಕೆ ಅಂಕ ಕೊಡುವ ತಾಣ. ಹಳೆಯ ಡ್ರಾಮಾಗಳಿಗೆ ನಂಬಬಹುದು. ಹೊಸದಾಗಿ ಬಂದದ್ದಕ್ಕೆ ಮೊದಲ ವಾರ ನಂಬಬೇಡಿ. ಆಗ ಒಂದು ಸೈನ್ಯ ಐದು ನಕ್ಷತ್ರ ಸುರಿಯುತ್ತಿರುತ್ತದೆ, ಎದುರು ಸೈನ್ಯ ಒಂದು ನಕ್ಷತ್ರ. ಪೂರ್ತಿ ನೋಡಿದವರು ಆಮೇಲೆ ಬರುತ್ತಾರೆ.

ದುಡ್ಡು ಕೊಟ್ಟವರಿಗೂ ಮತ್ತೆ ದುಡ್ಡು ಕೇಳಿದರಂತೆ?

'ದಿ ಅನ್‌ಟೇಮ್ಡ್'ನ ಕೊನೆಯ ಕಂತುಗಳನ್ನು ಮುಂಚಿತವಾಗಿ ನೋಡಲು ಚಂದಾದಾರರೇ ಇನ್ನೂ 30 ಯುವಾನ್ ಕೊಡಬೇಕಿತ್ತು. ಜನ ಕೊಟ್ಟರು. 2019ರ ಡಿಸೆಂಬರ್‌ನಲ್ಲಿ 'ಜಾಯ್ ಆಫ್ ಲೈಫ್'ಗೆ 50 ಯುವಾನ್ ಕೇಳಿದಾಗ ಒಬ್ಬ ವಕೀಲ ಐಚೀಯಿ ಮೇಲೆ ಕೇಸ್ ಹಾಕಿದ. 2020ರ ಜೂನ್‌ನಲ್ಲಿ ಬೀಜಿಂಗ್ ಇಂಟರ್‌ನೆಟ್ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. 2021ರ ಅಕ್ಟೋಬರ್‌ನಲ್ಲಿ ಮೂರು ದೊಡ್ಡ ಕಂಪನಿಗಳೂ ಈ ಪದ್ಧತಿ ಕೈಬಿಟ್ಟವು. ಅಭಿಮಾನಿಗಳ ಜಗಳಗಳಲ್ಲಿ ನಿಜಕ್ಕೂ ಗೆದ್ದದ್ದು ಅಂದರೆ ಇದೇ.

ಭಾರತದಲ್ಲಿ ಎಲ್ಲಿ ನೋಡುವುದು?

ಟೆನ್ಸೆಂಟ್‌ನ ವೀಟಿವಿ ಆ್ಯಪ್ ಇಲ್ಲಿ ಇಲ್ಲ. 2020ರ ನವೆಂಬರ್ 24ರಂದು ಕೇಂದ್ರ ಸರ್ಕಾರ ತಡೆದ 43 ಆ್ಯಪ್‌ಗಳಲ್ಲಿ ಅದೂ, ಮ್ಯಾಂಗೊ ಟಿವಿಯೂ ಇದ್ದವು. ಈ ಜಗಳಗಳೆಲ್ಲ ನಡೆಯುವ ಚೀನೀ ಸಾಮಾಜಿಕ ತಾಣ ವೇಬೊ ಅದಕ್ಕೂ ಮುಂಚೆ ಜೂನ್‌ನಲ್ಲೇ ಹೋಗಿತ್ತು. ನೆಟ್‌ಫ್ಲಿಕ್ಸ್‌ನಲ್ಲಿ ಕೆಲವು ಸಿಗುತ್ತವೆ, ವಿಕಿ (Viki) ಅನ್ನುವ ಡ್ರಾಮಾ ತಾಣದಲ್ಲಿ ಜಾಸ್ತಿ, ಯೂಟ್ಯೂಬ್‌ನಲ್ಲಿ ಚೀನೀ ಕಂಪನಿಗಳೇ ಹಾಕಿದ ಕಂತುಗಳು ಬೇಕಾದಷ್ಟಿವೆ. ನಾನು ನೋಡುವುದು ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ. ಅಮ್ಮನಿಗೆ ನಾನೇ ಸಬ್‌ಟೈಟಲ್. ಡಬ್ಬಿಂಗ್ ಬೇಕೋ ಬೇಡವೋ ಅಂತ ದಶಕಗಟ್ಟಲೆ ಜಗಳ ಆಡಿದ ನಾಡಲ್ವಾ ನಮ್ಮದು, ಕೊನೆಗೆ ಸೋಫಾದ ಮೇಲೆ ಡಬ್ಬಿಂಗ್ ಮಾಡುತ್ತಾ ಕೂತಿದ್ದೇನೆ.

ಸರಿ, ನಾನು ಯಾವುದರಿಂದ ಶುರು ಮಾಡಲಿ?

ಒಂದೇ ವಾರಾಂತ್ಯ ಇದ್ದರೆ 2020ರ 'ದಿ ಬ್ಯಾಡ್ ಕಿಡ್ಸ್', ಇಲ್ಲವೇ 2023ರ 'ದಿ ಲಾಂಗ್ ಸೀಸನ್'. ಎರಡೂ 12 ಕಂತು. ಮೊದಲನೆಯದರಲ್ಲಿ ಒಬ್ಬ ಅಳಿಯ ಅತ್ತೆ ಮಾವನನ್ನು ಬೆಟ್ಟದ ಮೇಲೆ ಫೋಟೊ ತೆಗೆಯಲು ನಿಲ್ಲಿಸಿಕೊಂಡು ತಳ್ಳುತ್ತಾನೆ, ಮೂವರು ಮಕ್ಕಳ ಕ್ಯಾಮೆರಾದಲ್ಲಿ ಅದು ಸಿಕ್ಕಿಬೀಳುತ್ತದೆ. ಚೀನಾದಲ್ಲಿ 'ಬೆಟ್ಟ ಹತ್ತೋಣ ಬರ್ತೀರಾ' ಅನ್ನುವುದು ಆ ವರ್ಷ ಬೆದರಿಕೆಯ ಮಾತಾಯಿತು.

ಒಂದು ತಿಂಗಳಿದ್ದರೆ 'ನಿರ್ವಾಣ ಇನ್ ಫೈರ್', 54 ಕಂತು. ಮೊದಲ ಐದರಲ್ಲಿ ಹೆಸರುಗಳು ತಲೆ ತಿನ್ನುತ್ತವೆ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮಳೆಗಾಲ ಪೂರ್ತಿ ಇದ್ದರೆ 'ಎಂಪ್ರೆಸಸ್ ಇನ್ ದ ಪ್ಯಾಲೇಸ್', 76 ಕಂತು. ಅಮೆರಿಕದ ನೆಟ್‌ಫ್ಲಿಕ್ಸ್‌ಗೆಂದು ಅದನ್ನು 90 ನಿಮಿಷದ ಆರು ಭಾಗಕ್ಕೆ ಇಳಿಸಿದ್ದರು. ಅದನ್ನು ನೋಡಬೇಡಿ. ಅದರಲ್ಲಿ ಯಾರು ಯಾಕೆ ಸತ್ತರು ಅನ್ನುವುದು ಗೊತ್ತಾಗುವ ಮುಂಚೆ ಇನ್ನೊಬ್ಬರು ಸತ್ತಿರುತ್ತಾರೆ.